ಪಟ್ಟಿ ಬಿಚ್ಚಿದರೆ ಕನ್ನಡ ಮಾಯ!

ಅರ್ಜಿಯ ತಲೆಬರಹ ಕನ್ನಡದಲ್ಲಿ, ಒತ್ತಿದರೆ ಬಿಚ್ಚಿಕೊಳ್ಳುವ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ! ಇದೆಂಥ ಆಡಳಿತ ಕನ್ನಡ, ಗೆಳೆಯರೇ? ಕೇಳಿದರೆ ಸಿದ್ಧ ಉತ್ತರ: 'ಕನ್ನಡ ಹಾಕಿದರೆ ಡೇಟಾ ಕೆಡುತ್ತೆ ಸಾರ್.'

ಶುದ್ಧ ಸಬೂಬು! ಡ್ರಾಪ್‌ಡೌನ್ ಪಟ್ಟಿಯ ಪ್ರತಿ ಆಯ್ಕೆಗೂ ಎರಡು ಭಾಗ. ನಮ್ಮ ಕಣ್ಣಿಗೆ ಕಾಣುವುದು ಲೇಬಲ್, ಕಂಪ್ಯೂಟರಿಗೆ ಹೋಗುವುದು ವ್ಯಾಲ್ಯೂ. ವ್ಯಾಲ್ಯೂ ಜಾಗಕ್ಕೊಂದು ಸಂಖ್ಯೆ ಕೊಟ್ಟು ಲೇಬಲ್ಲಿನಲ್ಲಿ 'ಬೆಳಗಾವಿ' ಎಂದು ಬರೆದರೆ ಮುಗಿಯಿತು. ವ್ಯಾಲ್ಯೂ ಬರೆಯದೆ ಬಿಟ್ಟಾಗ ಮಾತ್ರ ಲೇಬಲ್ಲಿನ ಅಕ್ಷರಗಳೇ ಡೇಟಾ ಆಗಿ ಹೋಗುತ್ತವೆ. ಹಾಗೆ ಸೋಮಾರಿತನ ಮಾಡಿದ ಕಡೆ, 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾದ ಮೇಲೆ ಏನಾಗಬೇಕು? ಹಳೆಯ ದಾಖಲೆಯಲ್ಲಿ ಬೆಲ್ಗಾಂ, ಹೊಸದರಲ್ಲಿ ಬೆಳಗಾವಿ, ಯಂತ್ರದ ಲೆಕ್ಕಕ್ಕೆ ಎರಡು ಊರು! ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಗೆಲ್ಲ ಕೋಡ್ ಸಂಖ್ಯೆ ಸಿದ್ಧವಾಗಿದೆ. ಬಳಸಲು ಏನು ರೋಗ?

ನಮ್ಮ ಪ್ರೆಸ್ಸಿನ ಪಕ್ಕದ ಸೈಬರ್ ಅಂಗಡಿಗೆ ತಾಯಿಯೊಬ್ಬರು ಪಿಂಚಣಿ ಅರ್ಜಿ ಹಾಕಲು ಬಂದಿದ್ದರು. ಕನ್ನಡ ಪತ್ರಿಕೆ ಸರಾಗವಾಗಿ ಓದುವವರು. ಪಟ್ಟಿಯಲ್ಲಿ 'ವಿಡೋ', 'ಡೈವೋರ್ಸೀ' ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ತುಂಬುವ ಹುಡುಗನ ಬೆರಳು ಒಂದು ಸಾಲು ಜಾರಿತು. ಪರದೆಯ ಎದುರಿಗೇ ಕೂತಿದ್ದ ಆಕೆಗೆ ತಿಳಿಯಲಿಲ್ಲ. ಅರ್ಜಿ ವಾಪಸ್ ಬಂತು, ಎರಡು ತಿಂಗಳ ಅಲೆದಾಟ. 'ವಿಧವೆ' ಎಂದು ಬರೆದಿದ್ದರೆ ಆಕೆಯೇ ಹುಡುಗನ ಕೈ ಹಿಡಿದು ತಡೆಯುತ್ತಿದ್ದರು.

ಇನ್ನು ಕನ್ನಡ ಹಾಕಿದವರ ಪ್ರತಾಪ ನೋಡಿ. ಯಂತ್ರಾನುವಾದಕ್ಕೆ ಬಿಟ್ಟು, 'ಸ್ಟೇಟ್' ಎಂದರೆ 'ಸ್ಥಿತಿ'! ಕರ್ನಾಟಕ ಯಾವ ಸ್ಥಿತಿಯಲ್ಲಿದೆ ಎಂದು ನಾವು ಆರಿಸಬೇಕಂತೆ. ಜಿಲ್ಲೆಗಳ ಹೆಸರು ಕನ್ನಡದಲ್ಲಿದ್ದರೂ ಸಾಲು ಇಂಗ್ಲಿಷ್ ಅಕಾರಾದಿಯದೇ. ಬಾಗಲಕೋಟೆ ಮೊದಲು, ಉಡುಪಿ ಕೊನೆಯ ಹತ್ತಿರ. ನಮ್ಮ ವರ್ಣಮಾಲೆಯಲ್ಲಿ 31 ಜಿಲ್ಲೆಗಳಿಗೂ ಮುಂದೆ ನಿಲ್ಲುವುದು ಉಡುಪಿ. ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸಿದರೂ ಪೂರ್ತಿ ಸರಿಹೋಗದು. ಅಲ್ಲಿ 'ಳ' ಬಂದು 'ವ'ಕ್ಕಿಂತ ಮುಂದೆ ಕೂತಿದೆ. ಮೊಳೆ ಜೋಡಿಸುತ್ತಿದ್ದ ನಮ್ಮಪ್ಪ ಇದನ್ನು ಒಂದೇ ಪ್ರೂಫಿನಲ್ಲಿ ಹಿಡಿಯುತ್ತಿದ್ದರು.

ಯುವಕರೇ, ನಿಮ್ಮಲ್ಲಿ ಎಷ್ಟೋ ಮಂದಿ ಈ ಕೋಡ್ ಬರೆಯುವ ಕಂಪನಿಗಳಲ್ಲೇ ಇದ್ದೀರಿ. ಪಟ್ಟಿಗೆ ಕನ್ನಡ ಲೇಬಲ್ ಹಾಕಿ, ಕನ್ನಡ ಓದುವ ಒಬ್ಬರಿಂದ ತಿದ್ದಿಸಿ. ಕಡಿಮೆ ಬೆಲೆಯ ಮೊಬೈಲಿನಲ್ಲೂ ತೆರೆದು ನೋಡಿ. ಪೆಟ್ಟಿಗೆಯ ಎತ್ತರವನ್ನು ಇಂಗ್ಲಿಷ್ ಅಳತೆಗೆ ಕಟ್ಟಿದ್ದರೆ 'ಬಳ್ಳಾರಿ'ಯ ಒತ್ತಕ್ಷರ ಕೆಳಗೆ ಕತ್ತರಿಸಿಹೋಗಿರುತ್ತದೆ.