ಹೊರದೇಶದ ಖಾಯಂ ವಾಸದ ಅರ್ಜಿ: ಅರ್ಧ ಕೆಲಸ ನಮ್ಮ ಮನೆಯದು



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಂದ ಓದಿಗೂ ಕೆಲಸಕ್ಕೂ ಹೊರದೇಶಕ್ಕೆ ಹೋದ ಮಕ್ಕಳು ಇಂದು ಅನೇಕರಿದ್ದಾರೆ. ಅವರು ಅಲ್ಲಿ ಖಾಯಂ ವಾಸದ ಹಕ್ಕಿಗೆ ಅರ್ಜಿ ಹಾಕುವಾಗ, ಅದು ಮಕ್ಕಳ ಕೆಲಸ, ನಮಗೇನು ತಿಳಿಯುತ್ತದೆ ಎಂದು ನಾವು ಸುಮ್ಮನಿರುತ್ತೇವೆ. ಇದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅರ್ಜಿಗೆ ಬೇಕಾದ ಅರ್ಧ ಕಾಗದಗಳು ನಮ್ಮ ಮನೆಯ ಬೀರುವಿನಲ್ಲಿರುತ್ತವೆ.

ಕೆನಡಾದ ಉದಾಹರಣೆ ನೋಡೋಣ. 2015ರಿಂದ ಅಲ್ಲಿ ವಯಸ್ಸು, ಓದು, ಭಾಷೆ, ಅನುಭವಗಳಿಗೆ ಅಂಕ ಕೊಟ್ಟು ಆರಿಸುವ ಪದ್ಧತಿಯಿದೆ. ಕರೆ ಬಂದ ಮೇಲೆ 60 ದಿನಗಳೊಳಗೆ ಪೂರ್ಣ ಅರ್ಜಿ ಸಲ್ಲಿಸಬೇಕು. ವಯಸ್ಸು 30 ತಲುಪಿದ ಮೇಲೆ ವರ್ಷಕ್ಕಿಷ್ಟು ಅಂಕ ಇಳಿಯುತ್ತದೆ. ಒಂದು ಕಾಗದಕ್ಕಾಗಿ ವರ್ಷ ಕಳೆದರೆ ಅಂಕವೂ ಹೋಯಿತು.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಮನೆತನದ ಹೆಸರಿನ ರೂಢಿ ಕಡಿಮೆ, ಇನಿಷಿಯಲ್ ಸಾಕು. ಶಾಲೆಯಲ್ಲಿ ‘ಮಂಜುನಾಥ ಎನ್.’, ಜನನ ಪತ್ರದಲ್ಲಿ ಬರೀ ‘ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೂ ಸೇರಿ ಮೂರನೆಯ ರೂಪ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’, ಅಂದರೆ ಹೆಸರು ತಿಳಿಯದು, ಎಂದು ಅಚ್ಚಾಗುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿ ಬರುವ ಮುಂಚೆಯೇ ಎಲ್ಲ ಕಡೆ ಒಂದೇ ಹೆಸರು ಮಾಡಿಸುವುದು ಜಾಣತನ.

ಎರಡನೆಯದು ಜನನ ಪತ್ರ. ಹುಟ್ಟಿ ಒಂದು ವರ್ಷ ದಾಟಿದ ಮೇಲೆ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದು ವಾರದಲ್ಲಿ ಆಗುವ ಕೆಲಸವಲ್ಲ. ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಅದಕ್ಕೂ ಮುಂಚೆ ಹುಟ್ಟಿದವರ ಪತ್ರದಲ್ಲಿ ಕೋಲಾರ ಜಿಲ್ಲೆ, ಈಗಿನ ವಿಳಾಸದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಇದು ತಪ್ಪಲ್ಲ, ಆದರೆ ದೂರದ ಅಧಿಕಾರಿಗೆ ತಿಳಿಯುವಂತೆ ಒಂದು ವಿವರಣೆಯ ಪತ್ರ ಲಗತ್ತಿಸಬೇಕು. ಹುಡುಗ ಬೆಂಗಳೂರಿನಲ್ಲಿ ನೌಕರಿ ಮಾಡಿದ್ದರೆ, ಹುದ್ದೆ, ಕೆಲಸದ ವಿವರ, ವಾರದ ಗಂಟೆಗಳು, ಸಂಬಳ ಇವೆಲ್ಲ ಇರುವ ಅನುಭವ ಪತ್ರವನ್ನು ಬಿಡುವಾಗಲೇ ಪಡೆಯಲಿ.

ಮೂರನೆಯದು ಹಣ. ಕೆಲವು ವರ್ಗದ ಅರ್ಜಿದಾರರಿಗೆ ಕೆನಡಾ ಕೈಯಲ್ಲಿ ಹಣವಿರುವ ರುಜುವಾತು ಕೇಳುತ್ತದೆ. ಅದಕ್ಕೆ ತೋಟದ ಬೆಲೆ ಲೆಕ್ಕಕ್ಕೆ ಬಾರದು, ಸಾಲದ ಹಣವೂ ನಡೆಯದು. ಪಹಣಿ ತೋರಿಸಿದರೆ ಆಯಿತೆಂದು ನಂಬಿಸುವ ಏಜೆಂಟರಿಂದ ದೂರವಿರಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಶಿಕ್ಷೆ ಅನುಭವಿಸುವವನು ಮಗ, ಏಜೆಂಟನಲ್ಲ.

ಇನ್ನು ನಮ್ಮ ತೋಟದ ಮಾತು. ಖಾಯಂ ವಾಸದ ಹಕ್ಕು ಸಿಕ್ಕ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡರೆ ಹೋಗುತ್ತದೆ. ಆದರೆ ಪೌರತ್ವ ಉಳಿದರೂ ಅಲ್ಲಿ ನೆಲೆಸಿದವನು ಅನಿವಾಸಿ. ವಿದೇಶಿ ವಿನಿಮಯ ಕಾಯ್ದೆಯ 2019ರ ನಿಯಮಗಳಂತೆ ಅನಿವಾಸಿಗಳು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ, ತಂದೆಯಿಂದ ದಾನಪತ್ರದ ಮೂಲಕವೂ ಪಡೆಯುವಂತಿಲ್ಲ. ವಾರಸಾಗಿ ಬಂದರೆ ಅಡ್ಡಿಯಿಲ್ಲ; ಮುಂದೆ ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಮುಂದೆ ನೋಡೋಣವೆಂದು ಕೂತವರಿಗೆ ದಾನಪತ್ರದ ದಾರಿ ಆಗಲೇ ಮುಚ್ಚಿರುತ್ತದೆ. ಊರಿನಲ್ಲೇ ಉಳಿದು ತೋಟ ನೋಡುತ್ತಿರುವ ಮಗನಿಗೋ ಮಗಳಿಗೋ ನ್ಯಾಯವಾಗಬೇಕಾದರೂ ಈ ಮಾತು ಮೊದಲೇ ಇತ್ಯರ್ಥವಾಗಬೇಕು.

ಮಕ್ಕಳು ಹೋಗಲಿ, ಬೆಳೆಯಲಿ. ಅಡಿಕೆ ಸಸಿ ನೆಟ್ಟವರಿಗೆ ಫಸಲಿಗೆ ಎಷ್ಟು ವರ್ಷ ಮುಂಚೆ ಗುಂಡಿ ತೋಡಬೇಕೆಂದು ಹೇಳಿಕೊಡಬೇಕಾಗಿಲ್ಲ. ಈ ಸಲ ರಜೆಗೆ ಅವರು ಬಂದಾಗ ಕಾಗದಗಳನ್ನೆಲ್ಲ ಹರಡಿಕೊಂಡು ಹೆಸರು, ತಾರೀಖು, ಜಿಲ್ಲೆ ಒಂದೊಂದಾಗಿ ತಾಳೆ ನೋಡಿ. ಉಯಿಲಿನ ವಿಚಾರಕ್ಕೆ ನಂಬಿಕೆಯ ವಕೀಲರನ್ನು ಕಾಣಿರಿ. ಮನೆಮಂದಿಯೆಲ್ಲ ಒಟ್ಟಿಗಿರುವಾಗ ಇದು ಎರಡು ದಿನದ ಕೆಲಸ.