ಘಾಟಿ ಹತ್ತಿದ ಕಾರು

ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಕಾರು ನಿಲ್ಲಿಸುವವರು ಎಂಜಿನ್ನನ್ನೂ ಆ ಕ್ಷಣವೇ ಆರಿಸಿಬಿಡುತ್ತಾರೆ. ಟರ್ಬೊ ಇರುವ ಕಾರಾದರೆ ತುಸು ತಾಳಬೇಕು. ಎಂಜಿನ್ ಉಗುಳುವ ಹೊಗೆಯ ರಭಸಕ್ಕೆ ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಏರುದಾರಿಯಲ್ಲಿ ಆ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಚಕ್ರದ ಶಾಫ್ಟು ತೇಲುವುದು ಆಯಿಲಿನ ತೆಳು ಪದರದ ಮೇಲೆ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಂತಂತೆ. ಒಳಗೆ ಉಳಿದ ಆಯಿಲ್, ಒಲೆಯ ಮೇಲೆ ಮರೆತ ಬಾಣಲೆಯ ಎಣ್ಣೆಯಂತೆ, ಕರಕಲಾಗಿ ಬೇರಿಂಗಿಗೆ ಅಂಟುತ್ತದೆ. ಒಂದು ದಿನಕ್ಕೆ ಏನೂ ಆಗದು. ರೂಢಿಯಾದರೆ ಟರ್ಬೊವನ್ನೇ ಬದಲಿಸಬೇಕಾದೀತು, ಅದೇನು ಅಗ್ಗದ ಬಾಬಲ್ಲ! ಆದ್ದರಿಂದ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡುತ್ತಿರಲಿ. ಪೇಟೆಯೊಳಗೆ ನಿಧಾನವಾಗಿ ಬಂದ ಕಾರಿಗೆ ಇದು ಬೇಕಿಲ್ಲ, ಇಂಧನ ದಂಡ. ಟರ್ಬೊಗೆ ನೀರಿನ ತಂಪು ಇರುವ ಕಾರುಗಳಲ್ಲಿ ಭಯ ಕಡಿಮೆ.