ಹಳೇ ಗಾಡಿ ಸರಣಿ: ಜಾವಾನಾ, ರೋಡ್‌ಕಿಂಗಾ?

ಜಯನಗರ ನಾಲ್ಕನೇ ಬ್ಲಾಕಲ್ಲಿ ಹಳೇ ಜಾವಾ ಹೋದ್ರೆ ಎಲ್ಲರೂ ತಿರುಗಿ ನೋಡ್ತಾರೆ, ನಿಜ. ಆದ್ರೂ ಮೊದಲ ಸಲ ಹಳೇ ಬೈಕ್ ತಗೊಳ್ಳೋರಿಗೆ ನಾನು ಹೇಳೋದು: ಯೆಜ್ಡಿ ರೋಡ್‌ಕಿಂಗ್ ತಗೊಳ್ಳಿ.

ಎರಡೂ ಒಂದೇ ಮನೆ ಮಕ್ಕಳು. ಚೆಕ್ ಮೂಲದ ವಿನ್ಯಾಸ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ, 250 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಕಿಕ್ಕರ್ರೇ ಗೇರ್ ಲಿವರ್. 1961ರಲ್ಲಿ ಜಾವಾ ಶುರು, 1973ರಿಂದ ಯೆಜ್ಡಿ ಹೆಸರು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕ್ತು.

ಜಾವಾ ಚೆಂದ, ಒಪ್ಪಿದೆ. ಆದ್ರೆ ಅದಕ್ಕೆ ಸುಮಾರು 12 ಬಿಎಚ್‌ಪಿ, ರೋಡ್‌ಕಿಂಗ್‌ಗೆ 16. ಕನಕಪುರ ರಸ್ತೆ ಏರಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೊಂದು ವಿಷಯ: 50 ವರ್ಷ ದಾಟಿದ ಗಾಡಿನ 2021ರ ಕೇಂದ್ರ ನಿಯಮದಡಿ ವಿಂಟೇಜ್ ಅಂತ ನೋಂದಾಯಿಸಿದ್ರೆ, ದಿನಾ ಓಡಿಸೋ ಹಾಗಿಲ್ಲ.

ಯಾವುದೇ ತಗೊಳ್ಳಿ, ಆರ್‌ಸಿಯಲ್ಲಿರೋ ಎಂಜಿನ್, ಚಾಸಿ ನಂಬರೇ ಗಾಡಿ ಮೇಲೂ ಇದ್ಯಾ ನೋಡಿ. ಇಲ್ಲಾಂದ್ರೆ ಕ್ರೋಮ್ ಎಷ್ಟೇ ಹೊಳೆದರೂ ಬೇಡ ಗುರು.

ಪಾಯಿಂಟ್ ಸೆಟ್ ಮಾಡಿ, ಶಬ್ದ ಕೇಳಿಯೇ ರೋಗ ಹೇಳೋ ಮೆಕ್ಯಾನಿಕ್‌ಗಳಿಗೆ ವಯಸ್ಸಾಗ್ತಿದೆ. ಬೈಕ್ ಹಾಲ್‌ನಲ್ಲಿ ನಿಂತ್ರೆ ಅವರ ವಿದ್ಯೆ ಅಲ್ಲಿಗೇ ಮುಗೀತು. ರಸ್ತೆಗಿಳಿದು ಕೆಟ್ಟು ರಿಪೇರಿಗೆ ಬಂದ್ರೆ ತಾನೇ ಇನ್ನೊಬ್ಬ ಹುಡುಗ ಕಲಿಯೋದು?

ನಿಮ್ಮ ಓಟು ಯಾವುದಕ್ಕೆ? ಕಾಮೆಂಟಲ್ಲಿ ಜಗಳ ಆಡೋಣ ಬನ್ನಿ.

#ಜಾವಾ #ಯೆಜ್ಡಿ #ಹಳೇಗಾಡಿ